ಇನ್ನೊಬ್ಬರ ಸಂಕಟಕ್ಕೆ ‘ದೇವರ ಸಮಯ’ ಎನ್ನಲು ನಾವು ಯಾರು?

ನಮ್ಮ ಕ್ರೈಸ್ತ ಸಭೆಗಳಲ್ಲಿ ಸಲೀಸಾಗಿ ಓಡಾಡುವ ಮಾತೊಂದಿದೆ: ‘ಎಲ್ಲಕ್ಕೂ ದೇವರ ಸಮಯ ಬರಬೇಕು.’ ಮಗಳಿಗೆ ಇನ್ನೂ ಗಂಡು ಗೊತ್ತಾಗಿಲ್ಲ ಎಂದರೂ ಇದೇ ಮಾತು, ಮಗ ಕುಡಿತ ಬಿಟ್ಟಿಲ್ಲ ಎಂದರೂ ಇದೇ ಮಾತು, ಆಸ್ಪತ್ರೆಯ ಬಿಲ್ಲು ಕಟ್ಟಲು ಬಳೆ ಒತ್ತೆ ಇಟ್ಟೆ ಎಂದರೂ ಇದೇ ಮಾತು. ಹೇಳುವವರ ದನಿ ಮೆತ್ತಗಿರುತ್ತದೆ, ಕೈ ಎದುರಿನವರ ಹೆಗಲ ಮೇಲಿರುತ್ತದೆ. ಕೇಳಿಸಿಕೊಂಡವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಎದುರಾಡಿದರೆ ದೇವರಿಗೇ ಎದುರಾಡಿದಂತೆ ಆಗಿಬಿಡುತ್ತದಲ್ಲ. ಬೆನ್ನಿಗೇ ಎರಡನೆಯ ಮಾತು ಬರುತ್ತದೆ: ‘ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಿ.’ ಈ ಎರಡು ಮಾತು ಆಡಿಬಿಟ್ಟರೆ ಕಷ್ಟದಲ್ಲಿರುವವರ ಕಡೆಗಿನ ನಮ್ಮ ಹೊಣೆ ತೀರಿತು ಎಂಬ ನಂಬಿಕೆ ಆಳವಾಗಿ ಬೇರೂರಿದೆ. ಪ್ರಶ್ನೆ ಮಾಡಿದವರೇ ವಿಶ್ವಾಸವಿಲ್ಲದವರಂತೆ ಕಾಣುತ್ತಾರೆ.

ನಾನು ಪ್ರಶ್ನೆ ಮಾಡುತ್ತೇನೆ, ವಿಶ್ವಾಸವಿಟ್ಟುಕೊಂಡೇ ಮಾಡುತ್ತೇನೆ. ದೇವರು ತನ್ನ ಹೊತ್ತಿಗೆ ಕೆಲಸ ಮಾಡುತ್ತಾನೆಂದು ನಂಬಿದವನು ನಾನು. ನಡುರಾತ್ರಿಯಲ್ಲೋ, ಬಸ್ಸಿನಲ್ಲಿ ಕೂತಿದ್ದಾಗಲೋ ಯಾರದೋ ಮುಖ ಕಣ್ಣಮುಂದೆ ಬಂದು ‘ಇವರಿಗಾಗಿ ಪ್ರಾರ್ಥಿಸು’ ಎಂಬ ಒತ್ತಾಯ ಒಳಗಿನಿಂದ ಏಳುವುದೂ ನನಗೆ ನಿಜವೇ. ಆದರೆ ಇವೆರಡನ್ನೂ ನಾವು ಬಳಸುತ್ತಿರುವ ರೀತಿ ತಲೆಕೆಳಗಾಗಿದೆ. ‘ದೇವರ ಸಮಯ’ ಎಂಬುದು ಕಾಯುತ್ತಿರುವವನು ತನ್ನ ಬಾಳಿನ ಬಗ್ಗೆ ತಾನೇ ಹೇಳಿಕೊಳ್ಳಬಹುದಾದ ಮಾತು. ಇನ್ನೊಬ್ಬರ ಸಂಕಟದ ಮುಂದೆ ನಿಂತವನಿಗೆ ದೇವರು ತಿಳಿಸಿರುವ ಸಮಯ ಒಂದೇ: ಈಗ. ಪ್ರಾರ್ಥಿಸಬೇಕೆಂಬ ಪ್ರೇರಣೆ ಬಂತೆಂದರೆ, ಆ ಕಷ್ಟದೊಳಕ್ಕೆ ನಮ್ಮನ್ನು ಕರೆದಾಗಿದೆ ಎಂದೇ ಅರ್ಥ. ಕರೆಸಿಕೊಂಡವನು ಬಾಗಿಲಲ್ಲಿ ನಿಂತು ‘ಕಾಯಿರಿ’ ಎಂದು ಹೇಳಿ ವಾಪಸ್ಸು ಬರುವುದು ಅವಿಧೇಯತೆ.

ಇದಕ್ಕೆ ಎದುರಾಗಿ ಎತ್ತುವ ಬಲವಾದ ವಾದ ಲಾಜರನದು. ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ, ಗೆಳೆಯ ಕಾಯಿಲೆ ಬಿದ್ದಿದ್ದಾನೆಂಬ ಸುದ್ದಿ ಬಂದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಇದ್ದ. ಬೇಥಾನ್ಯಕ್ಕೆ ಬರುವಷ್ಟರಲ್ಲಿ ಲಾಜರನನ್ನು ಗವಿಯಲ್ಲಿಟ್ಟು ನಾಲ್ಕು ದಿನ ಕಳೆದಿತ್ತು. ‘ನೋಡಿ, ಕರ್ತನೇ ತಡಮಾಡಿದ; ತಡವಾದರೂ ಮಹಿಮೆ ಪ್ರಕಟವಾಯಿತು’ ಎಂದು ಪ್ರಸಂಗಿಗಳು ಈ ಅಧ್ಯಾಯವನ್ನು ತೆರೆದು ತೋರಿಸುತ್ತಾರೆ. ತಡಮಾಡಿದ್ದು ನಿಜ. ಆದರೆ ತಡಮಾಡಿದವನು ಯಾರು? ಆ ಅಧಿಕಾರ ಇದ್ದವನು. ಹೊರಟು ಬಂದದ್ದೂ ಅವನೇ, ಅದೂ ಸ್ವಲ್ಪ ದಿನಗಳ ಹಿಂದೆ ತನ್ನನ್ನು ಕಲ್ಲೆಸೆದು ಕೊಲ್ಲಲು ನೋಡಿದ್ದ ಸೀಮೆಗೆ. ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಲಾಜರನ ಅಕ್ಕ ಮಾರ್ಥ ಮುಖಕ್ಕೇ ಅಂದಳು, ಇನ್ನೊಬ್ಬ ಅಕ್ಕ ಮರಿಯಳೂ ಅದನ್ನೇ ಅಂದಳು. ಯೇಸು ಇಬ್ಬರನ್ನೂ ಗದರಲಿಲ್ಲ, ನಿಮಗೆ ತಾಳ್ಮೆ ಸಾಲದು ಅನ್ನಲಿಲ್ಲ. ಮರಿಯಳು ಅಳುವುದನ್ನು ಕಂಡು ತಾನೂ ಅತ್ತ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆಂದು ಗೊತ್ತಿದ್ದವನೇ ಅಳುವುದನ್ನು ತಪ್ಪಿಸಿಕೊಳ್ಳಲಿಲ್ಲ. ಏನೂ ಗೊತ್ತಿಲ್ಲದ ನಾವು ಅಳುವ ಕೆಲಸ ಬಿಟ್ಟು ಅರ್ಥ ಹೇಳುವ ಕೆಲಸ ಹಿಡಿದಿದ್ದೇವೆ. ಶಿಷ್ಯರಲ್ಲೊಬ್ಬ ಮುಂದಾಗಿ ಹೋಗಿ ಮಾರ್ಥಳಿಗೆ ‘ಅಮ್ಮಾ, ಇದೆಲ್ಲ ದೇವರ ಸಮಯ’ ಎಂದಿದ್ದರೆ ಹೇಗಿರುತ್ತಿತ್ತೆಂದು ಯೋಚಿಸಿ ನೋಡಿ. ಶಿಷ್ಯರಿಗೆ ಅಲ್ಲಿ ಅಂಥ ಮಾತೇನೂ ಇರಲಿಲ್ಲ. ಅಲ್ಲಿ ನೆರೆದವರ ಪಾಲಿಗೆ ಬಂದದ್ದು ಕಲ್ಲು ಸರಿಸುವ ಕೆಲಸ, ಆಮೇಲೆ ಕಟ್ಟು ಬಿಚ್ಚುವ ಕೆಲಸ.

ಸಂಕಟದಲ್ಲಿ ಬಿದ್ದ ಯೋಬನ ಮೂವರು ಗೆಳೆಯರ ಕಥೆಯೂ ಇದೇ. ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತದ್ದೇ ಅವರು ಮಾಡಿದ ಒಳ್ಳೆಯ ಕೆಲಸ. ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಿವರಣೆ ಕೊಡಲು ಹೊರಟರು. ಕೊನೆಗೆ ದೇವರ ಕೋಪ ಎದ್ದದ್ದು ಅವರ ಮೇಲೆಯೇ. ಗೊಣಗಿದ, ವಾದಿಸಿದ, ನ್ಯಾಯ ಕೇಳಿದ ಯೋಬನೇ ಸರಿಯಾಗಿ ಮಾತಾಡಿದನೆಂದು ತೀರ್ಪಾಯಿತು. ಅವರಿಗಾಗಿ ಪ್ರಾರ್ಥಿಸುವ ಹೊಣೆಯೂ ಅವನ ಮೇಲೆ ಬಂತು.

ಈಗ ‘ಸಾಕ್ಷಿ’ಯ, ಅಂದರೆ ದೇವರು ತಮಗೆ ಮಾಡಿದ್ದನ್ನು ಸಭೆಯ ಮುಂದೆ ಎದ್ದು ಹೇಳುವುದರ, ವಿಷಯಕ್ಕೆ ಬರುತ್ತೇನೆ. ಈ ತಪ್ಪು ತಿಳಿವಳಿಕೆಗೆ ನೀರೆರೆಯುತ್ತಿರುವುದು ನಮ್ಮ ಸಾಕ್ಷಿಯ ಪದ್ಧತಿಯೇ. ಅದರ ಅಚ್ಚು ಎಲ್ಲರಿಗೂ ಗೊತ್ತು: ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು, ಇಂಥವರ ಹೆಸರು ಮನಸ್ಸಿಗೆ ಬಂತು, ಮೊಣಕಾಲೂರಿದೆ, ಸರಿಯಾಗಿ ಅದೇ ಹೊತ್ತಿಗೆ ಅವರ ಕಾರು ಪಲ್ಟಿಯಾಗಿ ಒಂದು ಗಾಯವೂ ಇಲ್ಲದೆ ಹೊರಬಂದರು. ಇಂಥ ಸಂಗತಿ ನಡೆದಿಲ್ಲ ಎಂದು ನಾನು ಹೇಳುವುದಿಲ್ಲ. ಕೆಲವನ್ನು ಹೇಳಿದವರು ಸುಳ್ಳಾಡುವವರಲ್ಲ. ಆದರೆ ಇಂಥವನ್ನು ಮಾತ್ರ ಮೈಕಿನಲ್ಲಿ ಹೇಳಿಸಿ, ಇಂಥವಕ್ಕೆ ಮಾತ್ರ ‘ಹಲ್ಲೆಲೂಯ’ ಕೂಗಿಸಿ, ಪ್ರೇರಣೆ ದೇವರದ್ದೇ ಎನ್ನುವುದಕ್ಕೆ ಫಲಿತಾಂಶವೇ ರುಜುವಾತು ಎಂದು ನಾವು ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಹಾಗಿದ್ದರೆ, ಪ್ರಾರ್ಥಿಸಿದರೂ ಮಗ ತೀರಿಕೊಂಡ ತಾಯಿಯ ಪ್ರೇರಣೆ ಎಲ್ಲಿಂದ ಬಂದಿತ್ತು? ಈ ಪ್ರಶ್ನೆಗೆ ನಮ್ಮ ಸಾಕ್ಷಿಯ ಹೊತ್ತಿನಲ್ಲಿ ಜಾಗವೇ ಇಲ್ಲ.

ಅಪೊಸ್ತಲರ ಕೃತ್ಯಗಳ ಹನ್ನೆರಡನೆಯ ಅಧ್ಯಾಯದಲ್ಲಿ ಜಾಗವಿದೆ. ಪೇತ್ರನನ್ನು ದೇವದೂತ ಸೆರೆಮನೆಯಿಂದ ಬಿಡಿಸಿದ ಕಥೆ ಭಾನುವಾರ ಶಾಲೆಯ ಮಗುವಿಗೂ ಗೊತ್ತು: ಸರಪಳಿ ಕಳಚಿ ಬಿತ್ತು, ಕಬ್ಬಿಣದ ಬಾಗಿಲು ತಾನೇ ತೆರೆಯಿತು, ಪ್ರಾರ್ಥನೆಗೆ ಕೂಡಿದ್ದವರ ಮನೆಯ ಕದ ತಟ್ಟಿದಾಗ ರೋದೆ ಎಂಬ ಹುಡುಗಿ ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತಳು. ಅದೇ ಅಧ್ಯಾಯದ ಎರಡನೆಯ ವಚನವನ್ನು ಯಾರೂ ಓದಿಸುವುದಿಲ್ಲ. ಪೇತ್ರನನ್ನು ಹಿಡಿಯುವ ಮುಂಚೆ ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದ. ಒಂದೇ ಊರು, ಒಂದೇ ಸಭೆ, ಒಬ್ಬನೇ ಅರಸ. ಯಾಕೋಬನಿಗೆ ದೇವದೂತ ಬರಲಿಲ್ಲ. ಏಕೆಂದು ಆ ಪುಸ್ತಕ ಬರೆದ ಲೂಕ ಹೇಳುವುದಿಲ್ಲ. ಯಾಕೋಬನಿಗಾಗಿ ಸಾಕಷ್ಟು ಪ್ರಾರ್ಥಿಸಲಿಲ್ಲ ಎಂದೂ ಹೇಳುವುದಿಲ್ಲ, ಅವನ ಸಾವಿಗೊಂದು ಉದ್ದೇಶವಿತ್ತು ಎಂದೂ ಹೇಳುವುದಿಲ್ಲ. ಒಂದು ಸಾಲಿನಲ್ಲಿ ಸಾವನ್ನು ಬರೆದು ಮುಂದೆ ಹೋಗುತ್ತಾನೆ. ಆ ಮೌನಕ್ಕೆ ನಾನು ತಲೆಬಾಗುತ್ತೇನೆ. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಯಾಕೋಬನನ್ನು ಕಳೆದುಕೊಂಡ ಸಭೆ ಪೇತ್ರನಿಗಾಗಿ ರಾತ್ರಿಯೆಲ್ಲ ಎಚ್ಚರವಿತ್ತು. ಹಿಂದಿನ ಫಲಿತಾಂಶ ನೋಡಿ ಪ್ರಾರ್ಥಿಸುವವರಾಗಿದ್ದರೆ ಅವರು ಆ ರಾತ್ರಿ ಮಲಗಿರುತ್ತಿದ್ದರು.

ಫಲಿತಾಂಶವೇ ಪ್ರಾರ್ಥನೆಯ ಅಳತೆಗೋಲು ಎಂದು ನಂಬಿದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದನ್ನು ಅಮೆರಿಕದ ಒಂದು ಪ್ರಯೋಗ ತೋರಿಸಿತು. 2006ರಲ್ಲಿ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 1,802 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಪ್ರಾರ್ಥಿಸುವವರ ಕೈಗೆ ರೋಗಿಯ ಮೊದಲ ಹೆಸರು ಮತ್ತು ಮನೆತನದ ಹೆಸರಿನ ಮೊದಲಕ್ಷರ ಮಾತ್ರ ಕೊಟ್ಟಿದ್ದರು; ಹದಿನಾಲ್ಕು ದಿನ ಪ್ರಾರ್ಥನೆ ನಡೆಯಿತು. ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾದದ್ದು ಕಾಣಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಂತೂ ತೊಡಕುಗಳು ತುಸು ಹೆಚ್ಚೇ ಇದ್ದವು: ಶೇ. 59, ಪ್ರಾರ್ಥನೆ ನಡೆಯುತ್ತಿದ್ದರೂ ಅದು ಖಾತ್ರಿಯಿಲ್ಲದವರಲ್ಲಿ ಶೇ. 52. ನಾಸ್ತಿಕರು ಇದನ್ನು ಹಿಡಿದು ನಕ್ಕರು, ಆಸ್ತಿಕರು ಪ್ರಯೋಗವೇ ಸರಿಯಿಲ್ಲ ಎಂದು ಸಿಟ್ಟಾದರು. ಇಬ್ಬರೂ ಪ್ರಾರ್ಥನೆಯನ್ನು ಗುಳಿಗೆಯ ಲೆಕ್ಕದಲ್ಲಿ ಹಿಡಿದವರೇ. ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲದ, ಎಂದೂ ಮುಖ ನೋಡದ, ಎಂದೂ ಮನೆಗೆ ಹೋಗದ ಪ್ರಾರ್ಥನೆಯನ್ನು ಅಳೆಯಲು ಹೊರಟ ವಿಜ್ಞಾನಿಗಳ ಮೇಲೆ ನನಗೆ ಕೋಪವಿಲ್ಲ. ಅಂಥ ಪ್ರಾರ್ಥನೆಯೇ ಪ್ರಾರ್ಥನೆಯ ಮಾದರಿ ಎಂದು ಅವರು ಭಾವಿಸುವಂತೆ ಮಾಡಿದವರು ನಾವು.

ಸತ್ಯವೇದದಲ್ಲಿ ಪ್ರೇರಣೆ ಹೇಗೆ ಬರುತ್ತದೆ ನೋಡಿ. ದಮಸ್ಕದಲ್ಲಿದ್ದ ಅನನೀಯನಿಗೆ ದರ್ಶನದಲ್ಲಿ ವಿಳಾಸವೇ ಸಿಗುತ್ತದೆ: ನೆಟ್ಟನೆಯ ಬೀದಿ, ಯೂದನ ಮನೆ, ತಾರ್ಸದ ಸೌಲ ಎಂಬವನು, ಕಣ್ಣು ಕಾಣದೆ ಪ್ರಾರ್ಥನೆಯಲ್ಲಿದ್ದಾನೆ. ಅನನೀಯ ಹಿಂಜರಿಯುತ್ತಾನೆ, ಏಕೆಂದರೆ ಆ ಮನುಷ್ಯ ಊರಿಗೆ ಬಂದದ್ದೇ ತನ್ನಂಥವರನ್ನು ಹಿಡಿದು ಕಟ್ಟಿಸಲು. ತನ್ನ ಮನೆಯಲ್ಲೇ ಕೂತು ಸೌಲನಿಗಾಗಿ ಪ್ರಾರ್ಥಿಸುತ್ತೇನೆ ಎಂದಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ. ಅವನು ಎದ್ದು ಹೋದ, ಕೈಯಿಟ್ಟ, ಮೊದಲ ಮಾತಿನಲ್ಲೇ ‘ಸಹೋದರನೇ’ ಎಂದು ಕರೆದ. ಪ್ರೇರಣೆ ನಿಜವೋ ನಮ್ಮ ಮನಸ್ಸಿನ ಆಟವೋ ಎಂದು ಕೇಳುವವರಿಗೆ ನಾನು ಕೊಡುವ ಪರೀಕ್ಷೆ ಇಲ್ಲೇ ಇದೆ. ನಿಜವಾದ ಪ್ರೇರಣೆ ಕೇಳುವುದು ನನ್ನ ಹೊತ್ತನ್ನು, ನನ್ನ ನಿದ್ದೆಯನ್ನು, ನನ್ನ ಜೇಬನ್ನು. ‘ಕರ್ತನು ನನಗೆ ತಿಳಿಸಿದ, ನೀವು ಹೀಗೆ ಮಾಡಬೇಕಂತೆ’ ಎಂದು ಇನ್ನೊಬ್ಬರ ಮೇಲೆ ಹೊರೆ ಹೊರಿಸುವುದು ಪ್ರೇರಣೆಯಲ್ಲ, ದಬ್ಬಾಳಿಕೆ. ಆ ಹೆಸರಿನಲ್ಲಿ ಮದುವೆಗಳು ನಿಶ್ಚಯವಾದದ್ದನ್ನೂ, ಔಷಧಿ ನಿಂತದ್ದನ್ನೂ ನಾವು ಕಂಡಿದ್ದೇವೆ. ಅದನ್ನು ಖಂಡಿಸುವ ಧೈರ್ಯ ಸಭಾಪಾಲಕರಿಗೆ ಇರಬೇಕು.

ನಿಜವಾದ ಪ್ರೇರಣೆಗೆ ಒಂದು ಉದಾಹರಣೆ ಕೊಡುತ್ತೇನೆ. ಹುಬ್ಬಳ್ಳಿಯ ಒಂದು ಮನೆಯಲ್ಲಿ ಗುರುವಾರದ ಪ್ರಾರ್ಥನಾ ಕೂಟ. ನಡುಮನೆಯಲ್ಲಿ ಜಮಖಾನೆ ಹಾಸಿತ್ತು. ನೂರು ಪುಟದ ನೋಟುಬುಕ್ಕಿನಲ್ಲಿ ಒಬ್ಬ ಹುಡುಗ ವಿನಂತಿಗಳನ್ನು ಬರೆದುಕೊಳ್ಳುತ್ತಿದ್ದ. ಬಾಗಿಲ ಹತ್ತಿರ ಕೂತಿದ್ದ ಹೆಣ್ಣುಮಗಳು ಗಂಡನಿಗೆ ಕಿಡ್ನಿ ಹೋಗಿ ಡಯಾಲಿಸಿಸ್ ನಡೆದಿದೆ ಎಂದಳು. ಹಿಂದಿನ ವಾರವೂ ಅದನ್ನೇ ಹೇಳಿದ್ದಳಂತೆ, ಅದರ ಹಿಂದಿನ ವಾರವೂ. ಹಿರಿಯರೊಬ್ಬರು ಕಣ್ಣುಮುಚ್ಚಿಕೊಂಡೇ, ಕರ್ತನ ಸಮಯಕ್ಕೆ ಕಾಯಬೇಕು ತಂಗೀ, ಆತನು ಎಂದೂ ತಡಮಾಡುವುದಿಲ್ಲ ಎಂದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೂಂ ಅಂದಳು. ಹುಡುಗ ಮುಂದಿನ ಹೆಸರಿಗೆ ಹೋದ. ಆಗ ಗೋಡೆಗೆ ಒರಗಿ ಕೂತಿದ್ದ ವಯಸ್ಸಾದ ಅಮ್ಮನೊಬ್ಬಳು, ‘ತಡೀಪಾ, ಬರಿಬ್ಯಾಡ ಇನ್ನ’ ಎಂದು ಹುಡುಗನನ್ನು ನಿಲ್ಲಿಸಿ ಆ ಹೆಣ್ಣುಮಗಳ ಕಡೆ ತಿರುಗಿದಳು. ‘ಯಾವ್ಯಾವ ದಿನ ಐತವ್ವಾ ಡಯಾಲಿಸಿಸ್? ನಿನ್ನ ಕೂಡ ಯಾರ ಬರತಾರ?’ ಮಂಗಳವಾರ ಮತ್ತು ಶುಕ್ರವಾರ, ಯಾರೂ ಬರುವುದಿಲ್ಲ. ನಾಲ್ಕು ತಾಸು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾಳೆ, ಸಣ್ಣ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಿರುತ್ತಾಳೆ. ‘ಮಂಗಳವಾರ ನಾ ಹೊಕ್ಕೀನಿ. ನೀ ಅವತ್ತ ಮಗು ಕೂಡ ಮನ್ಯಾಗಿರು.’ ಆಮೇಲೆ ಎಲ್ಲರೂ ಪ್ರಾರ್ಥಿಸಿದರು. ನನ್ನ ಮಟ್ಟಿಗೆ ಆ ಕೂಟದಲ್ಲಿ ಪ್ರಾರ್ಥನೆ ಶುರುವಾದದ್ದು ‘ಯಾವ್ಯಾವ ದಿನ’ ಎಂಬ ಪ್ರಶ್ನೆಯಿಂದ. ಆ ರೋಗಿ ವಾಸಿಯಾಗಲಿಲ್ಲ. ಆದರೂ ಆ ಪ್ರೇರಣೆ ದೇವರದ್ದೇ.

ಹಾಗಾದರೆ ಕಾಯುವುದಕ್ಕೆ ಬೆಲೆಯೇ ಇಲ್ಲವೇ? ಇದೆ. ಕಾಯುವುದು ಎಂದರೇನೆಂದು ವಿಲಿಯಂ ಕೇರಿಯ ಬದುಕಿನಿಂದ ಕಲಿಯಬೇಕು. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಈ ಮನುಷ್ಯ 1793ರಲ್ಲಿ ಬಂಗಾಳಕ್ಕೆ ಬಂದ. ಅಲ್ಲಿನ ಮೊದಲ ವಿಶ್ವಾಸಿಗೆ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರಿನಲ್ಲಿ, ಏಳು ವರ್ಷವಾದ ಮೇಲೆ. ತನ್ನ ಕೆಲಸದ ಫಲಕ್ಕಾಗಿ ಕಾಯುವುದರಲ್ಲಿ ಅವನಷ್ಟು ತಾಳ್ಮೆಯವರು ಕಡಿಮೆ. ಆದರೆ 1799ರಲ್ಲಿ ಅವನು ಮೊದಲ ಬಾರಿಗೆ ಸಹಗಮನವನ್ನು ಕಣ್ಣಾರೆ ಕಂಡ. ಅಲ್ಲೇ ನಿಂತು ವಾದಿಸಿದ, ಯಾರೂ ಕೇಳಲಿಲ್ಲ. ಅಂದಿನಿಂದ ಅವನೂ ಸಿರಾಂಪುರದ ಸಂಗಡಿಗರೂ ಪ್ರಾರ್ಥಿಸಿದ್ದಲ್ಲದೆ ಊರೂರಿಗೆ ಜನ ಕಳಿಸಿ ಲೆಕ್ಕ ಹಾಕಿಸಿದರು. 1803ರಲ್ಲಿ ಕಲ್ಕತ್ತದ ಸುತ್ತಲಿನ ಮೂವತ್ತು ಮೈಲಿಯೊಳಗೇ ನಾನೂರಕ್ಕೂ ಹೆಚ್ಚು ವಿಧವೆಯರು ಚಿತೆಯೇರಿದ್ದು ಆ ಲೆಕ್ಕದಿಂದ ಗೊತ್ತಾಯಿತು. ಪಂಡಿತರಿಂದ ಶಾಸ್ತ್ರಾಧಾರ ಹುಡುಕಿಸಿದರು, ಸರ್ಕಾರಕ್ಕೆ ಮನವಿ ಕೊಟ್ಟರು. ರಾಮಮೋಹನ ರಾಯರು 1818ರಿಂದ ಬರೆಯತೊಡಗಿ ಈ ಹೋರಾಟಕ್ಕೆ ಸಮಾಜದ ಒಳಗಿನಿಂದಲೇ ಬಲ ತಂದರು. ಕೊನೆಗೆ 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ನಿಷೇಧದ ಆಜ್ಞೆ ಹೊರಡಿಸಿದ.

ಕೇರಿಯ ಜೀವನಚರಿತ್ರೆ ಬರೆದವರು ಹೇಳುವಂತೆ, ಆಜ್ಞೆಯನ್ನು ಬಂಗಾಳಿಗೆ ಅನುವಾದಿಸಬೇಕೆಂಬ ಕಾಗದ ಅವನ ಕೈಸೇರಿದ್ದು ಭಾನುವಾರ ಬೆಳಿಗ್ಗೆ, ಆರಾಧನೆಗೆ ಹೊರಡುವ ಹೊತ್ತಿನಲ್ಲಿ. ಅಂದಿನ ಪ್ರಸಂಗ ಅವನದೇ. ಭಾನುವಾರ ಕೆಲಸ ಮಾಡುವುದನ್ನು ಪಾಪವೆಂದು ಎಣಿಸುತ್ತಿದ್ದ ಪಂಥದವನು ಅವನು. ಪ್ರಸಂಗವನ್ನು ಬೇರೆಯವರಿಗೆ ಒಪ್ಪಿಸಿ, ತನ್ನ ಪಂಡಿತನನ್ನು ಕೂರಿಸಿಕೊಂಡು, ಕತ್ತಲಾಗುವುದರೊಳಗೆ ಅನುವಾದ ಮುಗಿಸಿದ. ಒಂದು ಗಂಟೆ ತಡವಾದರೂ ಎಲ್ಲೋ ಒಬ್ಬ ಹೆಣ್ಣುಮಗಳ ಜೀವ ಹೋಗಬಹುದೆಂಬುದು ಅವನಿಗಿದ್ದ ಚಿಂತೆ. ಮೂವತ್ತು ವರ್ಷ ಕಾದವನು ಒಂದು ಆರಾಧನೆ ಮುಗಿಯುವಷ್ಟು ಹೊತ್ತು ಕಾಯಲು ಒಪ್ಪಲಿಲ್ಲ. ಸೋಮವಾರ ಮಾಡಿದ್ದರೂ ಆಗುತ್ತಿತ್ತು, ದೇವರ ದಿನವನ್ನು ದೇವರಿಗೇ ಕೊಡಬೇಕಿತ್ತು ಎಂದು ಯಾರಾದರೂ ಹೇಳಿದರೆ ಅವರಿಗೆ ನಾನು ಕೊಡುವ ಉತ್ತರ ಇದು: ಆ ಭಾನುವಾರ ಬಂಗಾಳದಲ್ಲಿ ನಡೆದ ಆರಾಧನೆಗಳಲ್ಲಿ ದೇವರಿಗೆ ಹೆಚ್ಚು ಒಪ್ಪಿಗೆಯಾದದ್ದು ಕೇರಿಯ ಮೇಜಿನ ಮೇಲೆ ನಡೆಯಿತೆಂದೇ ನನ್ನ ನಂಬಿಕೆ.

‘ಸಮಯ ಬಂದಿಲ್ಲ’ ಎಂಬ ಮಾತು ಯಾರ ಬಾಯಿಂದ ಬರುತ್ತದೆ ಎಂಬುದನ್ನೂ ನೋಡಬೇಕು. 1963ರ ಏಪ್ರಿಲಿನಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿ ಸಮಾನತೆಗಾಗಿ ಕರಿಯರ ಮೆರವಣಿಗೆಗಳು ನಡೆಯುತ್ತಿದ್ದಾಗ ಎಂಟು ಮಂದಿ ಬಿಳಿಯ ಧರ್ಮಗುರುಗಳು ಪತ್ರಿಕಾ ಹೇಳಿಕೆ ಕೊಟ್ಟು, ಇದು ಸಕಾಲವಲ್ಲ ಎಂದರು. ಅವರು ಕೆಟ್ಟವರಲ್ಲ, ಪ್ರಾರ್ಥನೆ ಮಾಡುವವರೇ. ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್ ಪತ್ರಿಕೆಯ ಅಂಚಿನಲ್ಲಿ ಬರೆಯತೊಡಗಿದ ಉತ್ತರ ಏಪ್ರಿಲ್ 16ರ ತಾರೀಖಿನ ಪತ್ರವಾಯಿತು. ಟೆಕ್ಸಾಸಿನ ಒಬ್ಬ ಕ್ರೈಸ್ತನಿಂದ ಬಂದಿದ್ದ ಕಾಗದವನ್ನೂ ಅವರು ಅದರಲ್ಲಿ ಪ್ರಸ್ತಾಪಿಸುತ್ತಾರೆ: ಕರಿಯರಿಗೆ ಸಮಾನತೆ ಸಿಕ್ಕೇ ಸಿಗುತ್ತದೆ, ನಿಮಗೆ ಅವಸರ ಹೆಚ್ಚಾಯಿತು, ಕ್ರೈಸ್ತಧರ್ಮಕ್ಕೂ ಎರಡು ಸಾವಿರ ವರ್ಷ ಹಿಡಿಯಿತಲ್ಲ ಎಂಬ ಧಾಟಿಯ ಕಾಗದ ಅದು. ಕಾಲ ತಾನಾಗಿ ಯಾವ ಗಾಯವನ್ನೂ ಮಾಯಿಸುವುದಿಲ್ಲ, ದೇವರ ಜೊತೆ ಕೆಲಸ ಮಾಡಲು ಒಪ್ಪಿದ ಮನುಷ್ಯರ ದುಡಿಮೆ ಬೇಕು ಎಂದು ಕಿಂಗ್ ವಾದಿಸಿದರು. ತಾಳ್ಮೆಯ ಉಪದೇಶ ಯಾವಾಗಲೂ ನೋವಿಲ್ಲದವರಿಂದ ನೋವಿರುವವರ ಕಡೆಗೆ ಹರಿಯುತ್ತದೆ. ನಮ್ಮ ಸಭೆಗಳಲ್ಲೂ ಹಾಗೆಯೇ: ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವರು ಮಗನಿಗೆ ಕೆಲಸ ಸಿಗದವರಿಗೆ ದೇವರ ಸಮಯವನ್ನು ಬೋಧಿಸುತ್ತಾರೆ.

ಹೀಗೆ ಬೋಧಿಸಿ ಕೈತೊಳೆದುಕೊಳ್ಳುವ ಅವಕಾಶ ಕರಾವಳಿಗೆ ಬಂದ ಬಾಸೆಲ್ ಮಿಷನ್ನಿನವರಿಗೂ ಇತ್ತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಕ್ರೈಸ್ತರಾದವರು ಮನೆ ಕಳೆದುಕೊಂಡರು, ಗೇಣಿಯ ಭೂಮಿ ಕಳೆದುಕೊಂಡರು; ಶೇಂದಿ ಇಳಿಸುತ್ತಿದ್ದವರ ಕಸುಬು ಹೋಯಿತು. ‘ಕಾಯಿರಿ, ಕರ್ತನು ಒದಗಿಸುತ್ತಾನೆ’ ಎಂದು ಹೇಳಿ ದಿನ ದೂಡಬಹುದಿತ್ತು. ಬದಲಿಗೆ ನೇಯ್ಗೆ ಶುರುಮಾಡಿದರು, ಅಚ್ಚುಕೂಟ ಹಾಕಿದರು, ಕೈಹಾಕಿದ ಹಲವು ಕಸುಬುಗಳಲ್ಲಿ ಸೋತರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಹುಟ್ಟಿದ್ದು ಹಾಗೆ. ಮಿಷನ್ನಿನ ಯಜಮಾನಿಕೆಯ ಬಗ್ಗೆ ಹೇಳಬೇಕಾದ ಟೀಕೆಗಳಿವೆ, ಹೇಳೋಣ. ಆದರೆ ಅನ್ನವಿಲ್ಲದವನಿಗಾಗಿ ಪ್ರಾರ್ಥಿಸಿದವನು ಅವನ ಅನ್ನದ ದಾರಿ ಹುಡುಕಬೇಕೆಂಬುದನ್ನು ಅವರು ಮರೆಯಲಿಲ್ಲ. ಬಟ್ಟೆಯಿಲ್ಲದ, ಹೊಟ್ಟೆಗಿಲ್ಲದ ಸಹೋದರನಿಗೆ ಬರೀ ಶುಭ ಹಾರೈಸಿ ಕಳಿಸಿದರೆ ಪ್ರಯೋಜನವೇನು ಎಂದು ಯಾಕೋಬನ ಪತ್ರಿಕೆ ಕೇಳುತ್ತದೆ. ಅದನ್ನು ಅವರು ಓದಿಕೊಂಡಿದ್ದರು, ನಾವೂ ಓದಿದ್ದೇವೆ.

ಹಾಸಿಗೆ ಹಿಡಿದ ಅಜ್ಜಿಯರು, ದೂರದ ಊರಿನಲ್ಲಿರುವ ಮಕ್ಕಳು, ಕೈಯಲ್ಲಿ ಕಾಸಿಲ್ಲದವರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಅವರು ಪ್ರಾರ್ಥಿಸಲಿ, ಅದು ಪೂರ್ತಿ ಪ್ರಾರ್ಥನೆಯೇ. ಕಾಲಿಲ್ಲದವರಿಂದ ದೇವರು ನಡಿಗೆ ಕೇಳುವುದಿಲ್ಲ. ಜನರಿಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ಅದು ಕರ್ತನಿಗೆ ವಿರೋಧವಾದ ಪಾಪ ಎಂದ ಸಮುವೇಲ ಆಗ ತಲೆನರೆತ ಮುದುಕ. ನನ್ನ ತಕರಾರು ಕಾಲಿದ್ದವರ ಜೊತೆಗೆ. ಅವರಿಗೆ ನನ್ನದೊಂದು ವಿನಂತಿ ಇದೆ. ಮುಂದಿನ ಸಲ ಸಾಕ್ಷಿಯ ಹೊತ್ತು ಬಂದಾಗ, ಉತ್ತರ ಸಿಕ್ಕವರು ಸ್ವಲ್ಪ ಕೂತಿರಲಿ. ವರ್ಷಗಟ್ಟಲೆ ಕೇಳಿಯೂ ಏನೂ ಸಿಗದವರಿಗೆ, ಕೇಳಿದ್ದನ್ನೇ ಕಳೆದುಕೊಂಡವರಿಗೆ ಮೊದಲು ಮೈಕು ಕೊಡಿ. ಅವರು ಅಳಲಿ, ದೇವರ ಮೇಲೆ ದೂರು ಹೇಳಲಿ; ಕೀರ್ತನೆಗಳ ಪುಸ್ತಕದ ತುಂಬ ಅಂಥ ದೂರುಗಳೇ ಇವೆ. ಅವರ ಮಾತು ಮುಗಿದ ಮೇಲೆ ಯಾರೂ ಎದ್ದು ಅದಕ್ಕೊಂದು ಅರ್ಥ ಕಟ್ಟಬೇಡಿ. ಮನೆ ಎಲ್ಲಿದೆ, ನಾಳೆ ಅವರಿಗೆ ಏನು ಬೇಕು, ಯಾರು ಹೋಗುತ್ತಾರೆ ಎಂದು ಕೇಳಿ, ಬರೆದುಕೊಂಡು, ಆಮೇಲೆ ಪ್ರಾರ್ಥಿಸಿ.